ಸೊನ್ನೆ ಕೆಲಸ

ಚಿಪ್ ತಯಾರಿಸುವ ನಮ್ಮ ಕೋಣೆಯಲ್ಲಿರುವುದು ಒಂದೇ ಕುರ್ಚಿ. ಅದು ಇಂಜಿನಿಯರನದು. ಬಾಯಿ ಬಿಟ್ಟರೆ ಪಾಠ ಶುರುಮಾಡುವ ಅವನನ್ನು ನಾವು ಮೇಷ್ಟ್ರು ಎನ್ನುತ್ತೇವೆ. ಕುರ್ಚಿ ಹೆಚ್ಚಾದರೆ ಧೂಳು ಹೆಚ್ಚಾಗುತ್ತದಂತೆ. ಅವನ ಕುರ್ಚಿಗೆ ಮಾತ್ರ ಧೂಳು ಹೆದರುತ್ತದೇನೋ.

ನನ್ನ ಅತ್ತಿಗೆ ತುಂಬು ಬಸುರಿ. ಸಿಲಿಕಾನ್ ಬಿಲ್ಲೆಗಳ ಪೆಟ್ಟಿಗೆಯನ್ನು ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಏರಿಸುವುದು ಅವಳ ಪಾಲಿನ ಕೆಲಸ. ಮುಂದಿನ ಯಂತ್ರದ ಬಾಗಿಲು ತೆರೆಯುವವರೆಗೆ ಪೆಟ್ಟಿಗೆಯನ್ನು ಎಲ್ಲೂ ಇಡುವಂತಿಲ್ಲ. ಕೈಯಿಂದ ಕೈಗೆ ದಾಟಿಸಬಹುದು, ಅಷ್ಟೆ. ಅಂದು ಅವಳ ಕಾಲು ಎಷ್ಟು ಊದಿತ್ತೆಂದರೆ ಬೂಟು ಏರಿಸಲು ನಾನೂ ಜಗ್ಗಬೇಕಾಯಿತು.

"ಸಾರ್, ಒಂದು ಸ್ಟೂಲ್ ಕೊಡ್ಸಿ. ಬಾಗ್ಲು ತೆರೆಯೋವರ್ಗೂ ಕೂತ್ಕೋತೀನಿ," ಎಂದಳು, ಪೆಟ್ಟಿಗೆ ಹಿಡಿದುಕೊಂಡೇ.

ಮೇಷ್ಟ್ರು ಕುರ್ಚಿಯಲ್ಲೇ ತಿರುಗಿದ. "ಎಲ್ರೂ ಇಲ್ನೋಡಿ. ಬಲ ಹಾಕಿದ್ ವಸ್ತು ಜರುಗಿದ್ರೆ ಮಾತ್ರ ಕೆಲ್ಸ. ಪೆಟ್ಟಿಗೆ ಜರುಗ್ತಿದ್ಯಾ? ಇಲ್ಲ. ಹಾಗಾದ್ರೆ ಈಕೆ ಮಾಡ್ತಿರೋ ಕೆಲ್ಸ ಎಷ್ಟು? ಸೊನ್ನೆ! ಸೊನ್ನೆಗೂ ಸುಸ್ತೇನ್ರೀ?"

ಇಬ್ಬರು ನಕ್ಕರು. ಅವನಿಗೆ ಹುರುಪು ಬಂತು.

"ಈ ಬಿಲ್ಲೆಯೊಳಗಿನ ಎಲೆಕ್ಟ್ರಾನ್‌ಗಳೂ ಅಷ್ಟೇ. ವೋಲ್ಟೇಜ್ ಕೊಡ್ದಿದ್ರೆ ಅತ್ತ ಇತ್ತ ಓಡ್ತಾನೇ ಇರ್ತವೆ, ಒಟ್ನಲ್ಲಿ ಎಲ್ಲಿಗೂ ಹೋಗಲ್ಲ. ಕರೆಂಟ್ ಸೊನ್ನೆ. ನಿಮ್ಗೂ ಆಗಾಗ ವೋಲ್ಟೇಜ್ ಕೊಡ್ಬೇಕು."

ನನಗೆ ಮೈಯೆಲ್ಲ ಉರಿದುಹೋಯಿತು. ಪುಸ್ತಕದ ಮಾತು ಸುಳ್ಳಲ್ಲ. ಪೆಟ್ಟಿಗೆಯ ಲೆಕ್ಕದಲ್ಲಿ ಅದು ಸೊನ್ನೆಯೇ. ಆದರೆ ಹಿಡಿದು ನಿಂತವಳ ಸ್ನಾಯುಗಳು ಒಳಗೊಳಗೇ ಬಿಗಿದು ಸಡಿಲಾಗಿ ಶಕ್ತಿ ಸುಡುತ್ತಲೇ ಇರುತ್ತವೆ. ಆ ಪುಟವನ್ನು ಈ ಪುಣ್ಯಾತ್ಮ ಓದಿಲ್ಲ, ಇಲ್ಲವೇ ಬೇಕೆಂದೇ ಹಾರಿಸಿದ್ದಾನೆ.

ಅತ್ತಿಗೆ ಅವನೆದುರು ಹೋಗಿ ನಿಂತಳು. "ಸೊನ್ನೆ ತಾನೆ? ಹಿಡ್ಕೊಳ್ಳಿ ಸಾರ್."

ಅವನು ಗಡಬಡಿಸಿ ಎದ್ದು ಪೆಟ್ಟಿಗೆ ಹಿಡಿದ. ಅವಳು ಕುರ್ಚಿಯಲ್ಲಿ ಕೂತಳು.

"ಏಯ್! ಯಾರಾದ್ರೂ ತಗೊಳ್ರೀ ಇದನ್ನ!"

ಎಲ್ಲರೂ ಕೈ ಹಿಂದೆ ಕಟ್ಟಿದರು, ನಕ್ಕಿದ್ದ ಇಬ್ಬರೂ. ಯಂತ್ರದ ಬಾಗಿಲು ತೆರೆಯಲೊಲ್ಲದು. ಅವನ ತೋಳು ನಡುಗತೊಡಗಿದಾಗ ನಾನೇ ಹೋಗಿ ಪೆಟ್ಟಿಗೆ ಇಸಿದುಕೊಂಡೆ. ಅವನ ಮೇಲಿನ ಕನಿಕರದಿಂದಲ್ಲ. ಅದರೊಳಗಿದ್ದದ್ದು ನಮ್ಮೆಲ್ಲರ ದುಡಿಮೆ.

"ಏಳಮ್ಮ, ಅದು ನನ್ ಕುರ್ಚಿ."

"ಸ್ಟೂಲ್ ಬರ್ಲಿ, ಏಳ್ತೀನಿ. ಅಲ್ಲೀವರ್ಗೂ ನಿಂತಿರಿ ಸಾರ್. ನಿಂತ್ರೆ ನಿಮ್ಗೇನ್ ಸುಸ್ತಾಗುತ್ತಾ?"

ಮೇಷ್ಟ್ರು ನಮ್ಮ ಮುಖಗಳನ್ನು ನೋಡಿದ. ಯಾರೂ ಕಣ್ಣು ತಗ್ಗಿಸಲಿಲ್ಲ. ಕೊನೆಗೆ ನಿಂತೇ ಫೋನ್ ಎತ್ತಿಕೊಂಡ.

"ಸ್ಟೋರಾ? ಒಂದ್ ಸ್ಟೂಲ್ ಕಳ್ಸಿ. ಈಗ್ಲೇ!"