ಸರೋವರದ ದಂಡೆಯ ಹಗೇವು

ಇಂಡಿಯಿಂದ ಸಿಂದಗಿಗೆ ಹೋಗುವ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತರೆ ಸುನೀತಾಳಿಗೆ ಎರಡು ದೇಶ ಒಟ್ಟಿಗೆ ಕಾಣುತ್ತಿದ್ದವು. ಹೊರಗೆ ನಿಂಬೆಯ ತೋಟಗಳು, ಅವು ಮುಗಿದ ಮೇಲೆ ಹಳದಿ ಹೂ ಹೊತ್ತ ತೊಗರಿ, ಆಮೇಲೆ ಕಪ್ಪು ಎರೆಹೊಲದಲ್ಲಿ ಮೊಣಕಾಲೆತ್ತರ ಬಂದ ಜೋಳ. ಜೊಂಪು ಹತ್ತಿತೆಂದರೆ ಆ ಕಪ್ಪು ನೆಲ ಮೆಲ್ಲಗೆ ಕೆಂಪಾಗುತ್ತಿತ್ತು. ಜೋಳದ ಸಾಲುಗಳ ಆಚೆ ಆಫ್ರಿಕಾದ ಮಲಾವಿಯ ಸರೋವರ ಬಂದು ನಿಲ್ಲುತ್ತಿತ್ತು. ಮೀನು ಒಣಗಿಸುವ ಚಾಪೆಗಳು, ದಂಡೆಯ ಮೇಲೆ ಮಗುಚಿ ಹಾಕಿದ ದೋಣಿಗಳು, ತಲೆಯ ಮೇಲೆ ಕೊಡ ಹೊತ್ತು ಅವಸರವಿಲ್ಲದೆ ನಡೆದು ಬರುವ ಅಲ್ಲಿಯ ಗೆಳತಿ ಚಿಸೊಮೊ. ಚಿಸೊಮೊ ಹತ್ತಿರ ಬಂದು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಎಲ್ಲೋ ಬ್ರೇಕು ಹಾಕುತ್ತಿತ್ತು. ಮತ್ತೆ ತೊಗರಿ, ಮತ್ತೆ ಕಪ್ಪು ನೆಲ. ಆಕೆ ಏನು ಹೇಳಲಿದ್ದಳೋ ಸುನೀತಾಳಿಗೆ ಒಮ್ಮೆಯೂ ಕೇಳಿಸಲಿಲ್ಲ.

ಸುನೀತಾ ಮತ್ತು ಸುಭಾಸ ಮಲಾವಿಗೆ ಹೋದಾಗ ಮಗಳು ಸುವಾರ್ತಾಳ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಈಗ ಅವಳು ಅವ್ವನ ಭುಜ ದಾಟಿ ಬೆಳೆದಿದ್ದಾಳೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸಣ್ಣ ಸಣ್ಣ ಕ್ರೈಸ್ತ ಸಭೆಗಳ ಜನ ಕೂಡಿ ಈ ಕುಟುಂಬವನ್ನು ಸೇವೆಗೆ ಕಳಿಸಿದ್ದರು. ಸುಭಾಸ ಅಲ್ಲಿ ಭಾನುವಾರ ಬೋಧನೆ ಮಾಡುತ್ತಿದ್ದ, ಉಳಿದ ದಿನ ಸುತ್ತಲಿನ ಹಳ್ಳಿಗಳ ಕೈಪಂಪು ರಿಪೇರಿ ಮಾಡುತ್ತಿದ್ದ. ಧಾರವಾಡದಲ್ಲಿ ಮಣ್ಣಿನ ವಿಜ್ಞಾನ ಓದಿದ ಸುನೀತಾ ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು ತಿಪ್ಪೆಗೊಬ್ಬರ, ಬೀಜ, ಕಾಳಿನ ಕೆಲಸ ನೋಡುತ್ತಿದ್ದಳು. ಕೆಲವು ವರ್ಷಕ್ಕೊಮ್ಮೆ ರಜೆಯ ಮೇಲೆ ಬಂದಾಗ ಈ ನಾಲ್ಕೂ ಊರಿಗೆ ಹೋಗಿ ಅಲ್ಲಿಯ ಸುದ್ದಿ ಹೇಳಬೇಕು, ಅದು ವಾಡಿಕೆ.

ಈ ಸಲ ಎಲ್ಲ ಊರಿನವರೂ ಕೇಳುತ್ತಿದ್ದದ್ದು ಒಂದೇ ಮಾತು, ಹಗೇವು ಏನಾಯಿತು ಅಂತ.

ತಪ್ಪು ಅವಳದೇ. ಹೋದ ರಜೆಯಲ್ಲಿ ಬಂದಾಗ ನಾಲ್ಕೂ ಕಡೆ ನಿಂತು ಹೇಳಿ ಹೋಗಿದ್ದಳು. ಆ ಸರೋವರದ ದಂಡೆಯಲ್ಲಿ ಗೋವಿನಜೋಳವನ್ನು ಬಿದಿರಿನ ದೊಡ್ಡ ಬುಟ್ಟಿಗಳಲ್ಲಿ ಇಡುತ್ತಾರೆ, ನಮ್ಮ ಕಣಜದ ಹಾಗೆ, ಆದರೆ ಕಂಬದ ಮೇಲೆ. ಅದಕ್ಕೆ ಹುಳ ಬಿದ್ದು ಮಳೆಗಾಲದ ಹೊತ್ತಿಗೆ ಅರ್ಧ ಹಿಟ್ಟಾಗಿರುತ್ತದೆ. ನಮ್ಮ ಹಿರಿಯರು ಅಂಗಳದಲ್ಲಿ ತಗ್ಗು ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದರಲ್ಲ, ಆ ಹಗೇವನ್ನೇ ಅಲ್ಲಿಗೆ ಒಯ್ಯುತ್ತೇನೆ. ಇಷ್ಟು ಹೇಳಿದಾಗ ಮುದುಕರು ಕಣ್ಣೊರೆಸಿಕೊಂಡಿದ್ದರು. ತಮ್ಮ ಊರಲ್ಲೇ ಯಾರಿಗೂ ಬೇಡವಾದ ವಸ್ತು ಸಮುದ್ರ ದಾಟಿ ಉಪಯೋಗಕ್ಕೆ ಬರುತ್ತದೆಂದರೆ ಯಾರಿಗೆ ಹಿಗ್ಗಾಗುವುದಿಲ್ಲ.

ಅವಳು ಜಾಗ ಹುಡುಕಿದ್ದು ಅವಸರದಲ್ಲಲ್ಲ. ಊರಲ್ಲೆಲ್ಲ ಎತ್ತರದ, ಗರಸು ಮಣ್ಣಿನ, ಮಳೆ ನೀರು ನಿಲ್ಲದ ನೆಲ ಆರಿಸಿದ್ದಳು. ಅದು ಅವರ ಮನೆಯ ಪಕ್ಕ, ಚರ್ಚಿನ ಅಂಗಳದಲ್ಲಿ ಸಿಕ್ಕಿತು. ಗುಂಪಿನ ಹೆಣ್ಣುಮಕ್ಕಳೆಲ್ಲ ತಮ್ಮ ತಮ್ಮ ಬುಟ್ಟಿಗಳಿಂದ ಒಂದು ಪಾಲು ಕಾಳು ತಂದು ಸುರಿದರು. ಸುನೀತಾ ತಾನೇ ಕೂತು ಬಾಯಿ ಮುಚ್ಚಿದಳು. ಮಳೆ ಬೀಳುವ ತನಕ ಯಾರೂ ಮುಟ್ಟಬಾರದು ಅಂದಳು. ಎಲ್ಲರೂ ತಲೆಯಾಡಿಸಿದರು.

ಮಳೆಯ ಮುಂದೆ ತೆರೆದಾಗ ಮೂಗು ಮುಚ್ಚಿಕೊಳ್ಳುವಂಥ ನಾತ. ಕಾಳು ಹಸಿರು ಬೂಸ್ಟು ಹಿಡಿದು ಗಂಟುಗಂಟಾಗಿತ್ತು. ಗೋಡೆ ಒಣಗಿತ್ತು, ತಳವೂ ಒಣಗಿತ್ತು. ನೀರು ಬಸಿದಿರಲಿಲ್ಲ. ಕೆಟ್ಟದ್ದು ಬಾಯಿಯ ಕಡೆಯಿಂದ. ಬಾಯಿಗೆ ಮೆತ್ತಿದ್ದ ಮಣ್ಣಿನಲ್ಲಿ ಅವಳ ಬೆರಳ ಗುರುತು ಇರಲಿಲ್ಲ. ಬೇರೆ ಯಾರೋ ನುಣ್ಣಗೆ ಮೆತ್ತಿದ್ದರು, ಅದೂ ಬಹಳ ಸಲ. ಸುನೀತಾ ಎಲ್ಲರ ಮುಂದೆ ಚಿಸೊಮೊಳನ್ನು ನೋಡಿ, ನಿಮ್ಮ ಮೇಲೆ ನಾನು ಹೇಗೆ ನಂಬಿಕೆ ಇಡಲಿ ಎಂದಿದ್ದಳು. ಚಿಸೊಮೊ ಆ ಗುಂಪಿನ ಹಿರಿಯಳು, ಸುವಾರ್ತಾಳಿಗೆ ಈಜು ಕಲಿಸಿದವಳು, ಮಲೇರಿಯಾ ಬಂದಾಗ ಸುನೀತಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು. ಆಕೆ ನೆಲ ನೋಡುತ್ತ ನಿಂತಳೇ ಹೊರತು ಮಾತಾಡಲಿಲ್ಲ. ಬುಟ್ಟಿಗಳಲ್ಲಿ ಉಳಿದದ್ದರ ಮೇಲೆ ಊರು ಹೇಗೋ ಆ ಮಳೆಗಾಲ ದಾಟಿತು. ಆದರೆ ಹೆಣ್ಣುಮಕ್ಕಳು ಸುನೀತಾಳ ಮನೆಯ ಕಡೆ ಬರುವುದು ಕಡಿಮೆಯಾಯಿತು. ಸುನೀತಾಳೂ ಕರೆಯಲಿಲ್ಲ.

ಹುಳ ತಿಂದಿದ್ದರೆ ಅವಳು ಸಹಿಸುತ್ತಿದ್ದಳು. ಇಷ್ಟು ವರ್ಷ ಜೊತೆಗೆ ಉಂಡು, ಹಾಡಿ, ಹೆಣ ಹೊತ್ತು, ಬಾಣಂತನ ಮಾಡಿ, ಕೊನೆಗೆ ತಾನು ಬೆನ್ನು ತಿರುಗಿಸಿದಾಗ ಕಾಳಿಗೆ ಕೈ ಹಾಕಿದರೆಂದರೆ, ತಾನು ಅಲ್ಲಿ ಯಾರು?

ಕ್ರಿಸ್‌ಮಸ್ ಕಳೆದ ಕೂಡಲೇ ವಾಪಸು ಹೊರಡಬೇಕಿತ್ತು. ಸುಭಾಸ ಹೋಗುವವನೇ. ಸುನೀತಾ ಇನ್ನೂ ಹೂಂ ಅಂದಿರಲಿಲ್ಲ. ಅವಳು ಉಳಿದರೆ ಮಗಳೂ ಉಳಿಯಬೇಕು, ಸಂಸಾರ ಎರಡು ಕಡೆ ಆಗಬೇಕು. ಸಿಂದಗಿಯಲ್ಲಿ ಹಗೇವಿನ ಮಾತು ಬಂದಾಗ ಮಳೆಯ ಸುದ್ದಿ ತೆಗೆದಳು. ಮುದ್ದೇಬಿಹಾಳದಲ್ಲಿ ತಲೆನೋವೆಂದು ಮುಂದೆ ಬರಲೇ ಇಲ್ಲ, ಸುಭಾಸನೇ ಕೈಪಂಪಿನ ಕಥೆ ಹೇಳಿ ಜನರನ್ನು ನಗಿಸಿದ. ಅಲ್ಲಿಂದ ಹೊರಟು ನಿಡಗುಂದಿಯಲ್ಲಿ ಬಸ್ಸು ಬದಲಿಸುವಾಗ ಅವನು ಚಹಾದ ಕಪ್ಪು ಅವಳ ಕೈಗಿಟ್ಟು ಮೆಲ್ಲಗೆ ಮಾತು ತೆಗೆದ.

"ನೀ ಬರದಿದ್ರ ನಾ ಅಲ್ಲೆ ಬರೇ ಪಂಪಿನ ಮೇಸ್ತ್ರಿ ಆಗಿ ಉಳೀತೇನಿ. ಆ ಮಂದಿ ನಮ್ಮ ಮನಿಗೆ ಬರೂದು ನಿನ್ನ ಸಲುವಾಗಿ, ನನ್ನ ಬೋಧನಾ ಕೇಳಾಕಲ್ಲ."

"ಬರೂದು ಬಿಟ್ಟಾರಲ್ಲ" ಅಂದಳು ಸುನೀತಾ.

ಕೊಲ್ಹಾರದಲ್ಲಿ ಸುಭಾಸನ ಅವ್ವ ರೇಣವ್ವನ ಮನೆ. ಹಳೇ ಊರು ಕೃಷ್ಣೆಯ ಹಿನ್ನೀರಿನ ಕೆಳಗೆ ಹೋಗಿ ಬಹಳ ಕಾಲವಾಯಿತು. ಹೊಸ ಪ್ಲಾಟು ಸಿಕ್ಕಾಗ ಎಲ್ಲರೂ ಮೊದಲು ಗೋಡೆ ಎಬ್ಬಿಸಿದರೆ ರೇಣವ್ವ ಮೊದಲು ಹಗೇವು ತೋಡಿಸಿದಳಂತೆ, ಆಮೇಲೆ ಅದರ ಸುತ್ತ ಮನೆ. ಈಗ ಆ ಓಣಿಯಲ್ಲಿ ಉಳಿದಿರುವ ಹಗೇವು ಅದೊಂದೇ. ಅಂಗಳದ ನಡುವೆ ಅದರ ಬಾಯಿ. ಅದರ ಮೇಲೆಯೇ ರೇಣವ್ವನ ಹೊರಸು. ಅತ್ತೆಯ ಪಕ್ಕ ಮಲಗಿದ ಸುನೀತಾಳಿಗೆ ನಸುಕಿನಲ್ಲಿ ಕನಸು ಬಿತ್ತು. ನೀರಿನೊಳಗಿನ ಹಳೇ ಊರಲ್ಲಿ ಅವಳು ಚಿಸೊಮೊಳ ಜೊತೆ ನಡೆಯುತ್ತಿದ್ದಳು. ಓಣಿ ಓಣಿಯಲ್ಲಿ ಹಗೇವುಗಳು ಬಾಯಿ ತೆರೆದುಕೊಂಡಿದ್ದವು, ಅವುಗಳೊಳಗಿಂದ ಮೀನಿನ ಹಿಂಡು ಹೊಗೆಯ ಹಾಗೆ ಮೇಲೆ ಏಳುತ್ತಿತ್ತು. ಚಿಸೊಮೊ ಒಂದೊಂದರ ಮುಂದೆಯೂ ಬಗ್ಗಿ ಏನೋ ಅನ್ನುತ್ತಿದ್ದಳು. ನೀರಿನಲ್ಲಿ ಮಾತು ಕೇಳಿಸುವುದುಂಟೇ.

ಬೆಳಿಗ್ಗೆ ರೇಣವ್ವ ಹಗೇವು ತೆಗೆಸಿದಳು. ಮನೆಯಲ್ಲಿ ಜೋಳ ಮುಗಿದಿತ್ತು. ಹೊರಸು ಸರಿಸಿದರು. ಪ್ರತಿವರ್ಷ ಈ ಕೆಲಸಕ್ಕೆ ಬರುವ ಕಾಂತು ಮಣ್ಣು ಒಡೆದು ಕಲ್ಲು ಎತ್ತಿದ. ಒಳಗಿಂದ ಬಿಸಿಯಾದ ಹುಳಿ ಗಾಳಿ ಎದ್ದು ಬಂತು. ಅದು ಹೋಗುವ ತನಕ ಯಾರೂ ಇಳಿಯುವ ಹಾಗಿಲ್ಲ. ಕಂದೀಲು ಹಗ್ಗಕ್ಕೆ ಕಟ್ಟಿ ಬಿಟ್ಟರೆ ಆರಬಾರದು, ಅಲ್ಲಿಯ ತನಕ ಕಾಯಬೇಕು. ಕಾಯುವ ಹೊತ್ತಿನಲ್ಲಿ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದರು. ಕರೆದವರು ಯಾರೂ ಇರಲಿಲ್ಲ. ಒಬ್ಬಳ ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ಇತ್ತು. ಎದುರುಮನೆಯ ಮೆಹರಾಜ ಎಲ್ಲರಿಗಿಂತ ಮುಂದೆ ಬಂದು, ಮೊಣಕಾಲೂರಿ ಕೂತು, ಸೆರಗು ಮೂಗಿಗೆ ಒತ್ತಿಕೊಂಡು ಕತ್ತಲೆಯೊಳಗೆ ಇಣುಕಿದಳು.

"ನಿಂದೇನೈತಿ ಇದರಾಗ, ಅಷ್ಟು ಬಗ್ಗಿ ನೋಡಾಕ? ಬಿದ್ದೀ ಮತ್ತ" ಅಂದಳು ರೇಣವ್ವ.

"ನಂದೇನೂ ಇಲ್ಲ ಬಿಡ. ನೋಡಾಕೂ ನಿನ್ನ ಅಪ್ಪಣಿ ಬೇಕೇನು? ವರ್ಷ ಆತು, ಒಳಗ ಹ್ಯಾಂಗ ಅದಾವೋ ಏನೋ ಅಂತ ಜೀವ ತಡೀಲಿಲ್ಲ" ಅಂದಳು ಮೆಹರಾಜ. ತಲೆ ಎತ್ತದೆ ಸುನೀತಾಳಿಗೂ ಒಂದು ಚಾಟಿ ಬೀಸಿದಳು. "ನೀವೂ ನೋಡ್ರಿ ಬಾಯಾರ. ಆಫ್ರಿಕಾದಾಗಿನ ನಿಮ್ಮ ಹಗೇವು ಬಾಯಿ ತನಕ ತುಂಬಿರತೈತಿ, ನಮ್ಮದು ಬರೇ ಕುತ್ತಿಗೀ ತನಕ."

ಸುನೀತಾ ನಗಲು ಹೋದವಳು ನಿಂತುಬಿಟ್ಟಳು.

ಕುತ್ತಿಗೆಯ ತನಕ. ಅಲ್ಲಿಯದೂ ತೆರೆದಾಗ ಕುತ್ತಿಗೆಯ ತನಕ ಇತ್ತು. ಕೊಳೆತದ್ದನ್ನು ಬುಟ್ಟಿ ಬುಟ್ಟಿಯಾಗಿ ಹೊರಗೆ ಹಾಕಿಸಿ ತೂಗಿಸಿದವಳು ಅವಳೇ. ಅದು ಅವಳ ಅಭ್ಯಾಸ, ಕೆಟ್ಟದ್ದನ್ನೂ ತೂಗದೆ ಬಿಡುವವಳಲ್ಲ. ಹೀರಿದ ತೇವದ ಲೆಕ್ಕ ಬಿಟ್ಟರೆ ಹಾಕಿದ್ದೆಲ್ಲ ಇತ್ತು. ಅದನ್ನು ಅವಳು ಕಣ್ಣಾರೆ ನೋಡಿದ್ದಳು, ಆದರೆ ಸಿಟ್ಟಿನಲ್ಲಿ ಅದು ಏನು ಹೇಳುತ್ತಿದೆ ಎಂದು ಕೇಳಿರಲಿಲ್ಲ. ಮತ್ತೆ ಮತ್ತೆ ಬಾಯಿ ತೆರೆದವರು ಒಂದು ಬೊಗಸೆಯನ್ನೂ ತೆಗೆದಿರಲಿಲ್ಲ. ಹಾಗಾದರೆ ತೆರೆದದ್ದು ಯಾಕೆ?

ಕಾಂತು ಒಳಗಿಳಿದು ಮೊದಲ ಬುಟ್ಟಿ ಮೇಲೆ ಕೊಟ್ಟ. ಅಂಚಿನದು ಸ್ವಲ್ಪ ಕಪ್ಪಾಗಿತ್ತು, ನಡುವಿನದು ಹಲ್ಲಿನಂತೆ ಬೆಳ್ಳಗಿತ್ತು. ಹೆಂಗಸರೆಲ್ಲ ಕೈ ಹಾಕಿ ಮೂಸಿ ನೋಡುತ್ತಿದ್ದರು. ಸುನೀತಾ ಫೋನು ತೆಗೆದುಕೊಂಡು ಮನೆಯ ಹಿಂದೆ ಹೋದಳು. ಅಲ್ಲಿಂದ ಹಿನ್ನೀರು ಕಾಣುತ್ತಿತ್ತು, ಸೇತುವೆಯೂ. ಸರೋವರದ ದಂಡೆಯಲ್ಲಿ ಈಗಷ್ಟೇ ಬೆಳಗಾಗಿರಬೇಕು. ಆ ಕಡೆ ಚಿಸೊಮೊಳ ಫೋನು ಬಹಳ ಹೊತ್ತು ಬಡಿದುಕೊಂಡಿತು.

ಆ ಊರಿನ ಭಾಷೆಯಲ್ಲೇ ಇಬ್ಬರೂ ಮಾತಾಡುವುದು. ಆದರೆ ಚಿಸೊಮೊಳ ದನಿ ಸುನೀತಾಳ ಕಿವಿಯೊಳಗೆ ಇಳಿಯುವಾಗ ಯಾವಾಗಲೂ ಕೊಲ್ಹಾರದ ಕನ್ನಡವಾಗಿಯೇ ಇಳಿಯುತ್ತಿತ್ತು. ಕ್ಷೇಮ ಕೇಳುವುದು ಮುಗಿಯುವ ತನಕ ಆಕೆ ಬೇರೆ ಮಾತು ತೆಗೆಯುವವಳಲ್ಲ. ಸುಭಾಸ, ಸುವಾರ್ತಾ, ರೇಣವ್ವ, ರೇಣವ್ವನ ಎಮ್ಮೆ, ಎಲ್ಲರ ಕ್ಷೇಮವೂ ಆಯಿತು. ಆಮೇಲೆ ಸುನೀತಾ ಕೇಳಿದಳು, ಹಗೇವಿನ ಬಾಯಿ ತೆಗೆದದ್ದು ಯಾರು, ಯಾಕೆ ಅಂತ. ಸಿಟ್ಟಿನಿಂದ ಕೇಳುತ್ತಿಲ್ಲ ಅಂತಲೂ ಹೇಳಿದಳು.

ಚಿಸೊಮೊಳ ಕಡೆಯಿಂದ ಕೋಳಿ ಕೂಗಿದ್ದು ಕೇಳಿಸಿತು.

"ನಾವೆಲ್ಲಾರೂ ತೆಗದ್ವಿ. ನೀ ಹಳ್ಳಿ ಮ್ಯಾಲೆ ಹೋದಾಗೆಲ್ಲ ಸರದಿ ಹಚ್ಚಿದ್ವಿ. ನೀನ ಹೇಳಿದ್ದಿಯಲ್ಲ, ಕಾಳಿಗೆ ಜೀವ ಐತಿ, ಅದು ಉಸಿರಾಡತೈತಿ ಅಂತ? ಒಳಗಿನ ಗಾಳಿ ಮುಗಿದ ಮ್ಯಾಲೆ ಹುಳ ಉಸಿರುಗಟ್ಟಿ ಸಾಯ್ತಾವ ಅಂತ? ಹುಳ ಸಾಯ್ಲಿ. ಕಾಳು ಏನು ಮಾಡಿತ್ತು? ಒಂದೀಟು ಗಾಳಿ ಆಡಲಿ ಅಂತ ಕಲ್ಲು ಸರಿಸಿ, ಮಾತಾಡಿಸಿ, ಮತ್ತ ಮುಚ್ಚಿ ಬರ್ತಿದ್ವಿ."

ಸುನೀತಾಳಿಗೆ ಹಗೇವು ತುಂಬಿದ ಆ ದಿನ ಕಪ್ಪು ಹಲಗೆ ತರಿಸಿ ಪಾಠ ಮಾಡಿದ್ದು ನೆನಪಾಯಿತು. ಒಣ ಕಾಳು ಸತ್ತದ್ದಲ್ಲ, ಮಲಗಿದೆ, ಬಹಳ ಮೆಲ್ಲಗೆ ಉಸಿರಾಡುತ್ತದೆ ಎಂದು ಎಷ್ಟು ಚೆಂದ ವಿವರಿಸಿದ್ದಳು. ಕೇಳುತ್ತ ಕೂತವರ ಮುಖ ಗಂಭೀರವಾದದ್ದು ಕಂಡು, ಇವರಿಗೆ ವಿಜ್ಞಾನ ಹಿಡಿಸಿತು ಎಂದು ಹಿಗ್ಗಿದ್ದಳು. ಅವಳ ಒಂದೊಂದು ಮಾತನ್ನೂ ಅವರು ನಂಬಿ, ಗಾಳಿಯ ಜೊತೆ ಸರೋವರದ ತೇವವನ್ನೂ ಒಳಗೆ ಬಿಟ್ಟಿದ್ದರು. ನಂಬಿದ್ದಕ್ಕೇ ಕೆಟ್ಟಿತ್ತು.

"ಅವತ್ತ ಯಾಕ ಹೇಳಲಿಲ್ಲ?" ಅಂದಳು.

"ನೀ ಅಳಾಕತ್ತಿದ್ದಿ. ಅಳೋರ ಮುಂದ ತಕರಾರು ಮಾಡೂದು ನಮ್ಮಲ್ಲಿ ಪದ್ಧತಿ ಅಲ್ಲ" ಅಂದಳು ಚಿಸೊಮೊ. "ಆಮ್ಯಾಲೆ ನೀ ಕರೀಲಿಲ್ಲ."

ತಾನು ಅಂದ ಮಾತಿಗೆ ಸುನೀತಾ ಕ್ಷಮೆ ಕೇಳಿದಳು. ಚಿಸೊಮೊ ಅದನ್ನು ಇಟ್ಟುಕೊಳ್ಳಲೂ ಇಲ್ಲ, ಹಿಂದಿರುಗಿಸಲೂ ಇಲ್ಲ. ಅದನ್ನು ಇಲ್ಲಿಗೆ ಬಂದು ಎಲ್ಲರ ಮುಂದೆ ಹೇಳು, ಅಂದದ್ದೂ ಎಲ್ಲರ ಮುಂದೆ ಅಲ್ಲವೇ ಎಂದಳು. ಹಗೇವಿನ ತಗ್ಗಿಗೆ ಮಣ್ಣು ತುಂಬಿ ಬಾಳೆ ಹಚ್ಚಿದ್ದಾರಂತೆ, ಚೆನ್ನಾಗಿ ಎದ್ದಿದೆಯಂತೆ. ಆ ವಿಷಯದಲ್ಲಿ ಮತ್ತೆ ಯಾರನ್ನೂ ಒಪ್ಪಿಸಲು ಹೋಗಬೇಡ ಎಂದೂ ಎಚ್ಚರಿಸಿದಳು.

"ಹಂಗಾರ ಬರ್ತಿಯೋ ಇಲ್ಲೋ?"

ಸುನೀತಾ ಸೇತುವೆಯ ಮೇಲೆ ಹೋಗುತ್ತಿದ್ದ ಬಸ್ಸು ದಾಟುವ ತನಕ ನೋಡುತ್ತಿದ್ದಳು.

"ಬರ್ತೇನಿ" ಅಂದಳು.

ಅಂಗಳಕ್ಕೆ ಬಂದಾಗ ಸುಭಾಸ ಮೂಲೆಯಲ್ಲಿ ಕೂತು ಅವ್ವನ ನಲ್ಲಿಯ ವಾಶರ್ ಬದಲಿಸುತ್ತಿದ್ದ. ಸುವಾರ್ತಾ ಹೆಂಗಸರ ಜೊತೆ ಜೋಳ ಹಸನು ಮಾಡುತ್ತಿದ್ದಳು. ಸುನೀತಾ ಗಂಡನ ಎದುರು ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದಳು. ಅವನು ನಗಲಿಲ್ಲ. ಸ್ಪ್ಯಾನರು ಕೆಳಗಿಟ್ಟು ಅವಳ ಮುಖವನ್ನೇ ನೋಡಿದ. ನಕ್ಕವಳು ರೇಣವ್ವ. ಮೊರ ತೊಡೆಯ ಮೇಲಿಟ್ಟುಕೊಂಡು, ಬಹಳ ಹೊತ್ತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮೆಹರಾಜಳಿಗೂ ಕೂಗಿ ಹೇಳಿ ಇನ್ನೊಮ್ಮೆ ನಕ್ಕಳು.

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಂಥಾ ಮಂದೀನ ಬಿಟ್ಟು ಇಲ್ಲೇನು ಮಾಡ್ತಿ" ಅಂದಳು.

ಸುಭಾಸ ಹಾಗಾದರೆ ಭಾನುವಾರ ಬಾಗೇವಾಡಿಯಲ್ಲಿ ಯಾರು ಮಾತಾಡುವುದು ಎಂದು ಕೇಳಿದ. ನಾನೇ ಮಾತಾಡುತ್ತೇನೆ ಅಂದಳು ಸುನೀತಾ. ಅವನು ಹೂಂ ಎಂದು ಮತ್ತೆ ನಲ್ಲಿಗೆ ಕೈ ಹಾಕಿದ. ಅವಳು ಎದ್ದು ಹೋಗಿ ಮಗಳ ಪಕ್ಕ ಜಾಗ ಮಾಡಿಕೊಂಡು, ಇನ್ನೂ ಬೆಚ್ಚಗಿದ್ದ ಜೋಳಕ್ಕೆ ಮೊರ ಹಚ್ಚಿದಳು.