ದೊಡ್ಡೋರು ಹೊಳೆ ದಾಟಿದರು

ಉತ್ತರದ ಗಡಿಯಲ್ಲಿ ಯುದ್ಧ ಶುರುವಾಗಿ ಎರಡು ವಾರವಾಗಿತ್ತು. ಕನ್ನಡದ ಮಾತೊಂದನ್ನು ಇಂಗ್ಲಿಷಿಗೆ ಅನುವಾದಿಸಬಲ್ಲವರು ಯಾರೆಂದು ಪೊಲೀಸರು ಹುಣಸೂರಿನ ಕಾಲೇಜಿಗೆ ಬಂದಾಗ ಪ್ರಿನ್ಸಿಪಾಲರು ಇಂಗ್ಲಿಷ್ ಉಪನ್ಯಾಸಕಿ ಸುಕನ್ಯಳನ್ನು ತೋರಿಸಿದರು. ಪೊಲೀಸರು ಮೊಬೈಲಿನಲ್ಲಿ ಒಂದು ದನಿ ಕೇಳಿಸಿದರು.

"ದೊಡ್ಡೋರು ಅನ್ನೊಂದು ಜನ ಹೊಳೆ ದಾಟವ್ರೆ. ರೋಡ್ ಕಡೀಕೆ ಬತ್ತಾವ್ರೆ. ಉಷಾರು."

ಆ ಮಾತು ಹೋದ ಸಂಜೆ ಅದೇ ರಸ್ತೆಯಲ್ಲಿ ಸೈನ್ಯದ ಲಾರಿಗಳು ಹೋಗಿದ್ದವಂತೆ. ಸುಕನ್ಯ ಪದಕ್ಕೆ ಪದ ತೂಗಿ, 'ದೊಡ್ಡೋರು ಅನ್ನೊಂದು ಜನ' ಎಂಬಲ್ಲಿ 'ಹನ್ನೊಂದು ಹಿರಿಯ ಅಧಿಕಾರಿಗಳು' ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದಳು. ಯಾರ ದನಿ ಎಂದು ಕೇಳಲಿಲ್ಲ.

ಮೂರನೇ ತಿಂಗಳು ಹನಗೋಡಿನ ರೈತ ಸೋಮಯ್ಯ ಕಾಲೇಜಿನ ಕಾರಿಡಾರಿನಲ್ಲಿ ಅವಳನ್ನು ತಡೆದ.

"ತಾಶಿ ಮಾತ ಇಂಗ್ಲೀಷ್‌ಗೆ ಬರ್ದೋರು ನೀವೇ ಏನವ್ವ? ಲಾಯರ್ ತೋರ್ಸುದ್ರು, ಕಾಗ್ದದಲ್ಲಿ ನಿಮ್ಮೆಸ್ರು ಅದೆ."

ತಾಶಿ ಗುರುಪುರದ ಟಿಬೆಟನ್ ಕ್ಯಾಂಪಿನವನು, ಮುಸುಕಿನ ಜೋಳ ಬೆಳೆಯುವವನು. ಆರು ವರ್ಷದವನಿದ್ದಾಗ ಹಿಮಾಲಯ ದಾಟಿ ಬಂದು, ಹತ್ತು ವರ್ಷದ ಹಿಂದೆ ಅರ್ಜಿ ಹಾಕಿ, ಪ್ರತಿಜ್ಞೆ ಮಾಡಿ ಭಾರತದ ಪ್ರಜೆಯಾದವನು. ಅಕ್ಕ ಗಡಿಯಾಚೆಯೇ ಉಳಿದಿದ್ದಳು. ದೇಶದ್ರೋಹದ ಅನುಮಾನದ ಮೇಲೆ ಅವನನ್ನು ವಿಚಾರಣೆಯಿಲ್ಲದೆ ಒಳಗಿಟ್ಟಿದ್ದರು.

"ಅವನು ದೊಡ್ಡೋರು ಅಂದಿದ್ದು ನಿಜ ತಾನೆ?" ಎಂದಳು ಸುಕನ್ಯ.

"ದಿಟ ಕಣವ್ವ. ಕಾಡಂಚಲ್ಲಿ ನಿಂತ್ಕಂಡು ಅದ್ರ ಎಸ್ರ ಎತ್ತಾರ? ಎತ್ತುದ್ರೆ ತಿರುಕ್ಕಂಡು ಬತ್ತದೆ. ನಾನೇ ಕಲ್ಸಿದ್ದು ಅವ್ನಿಗೆ. ವಾಟ್ಸಪ್ ಗ್ರೂಪಲ್ಲಿ ನಮ್ಗೆಲ್ಲ ಯೋಳ್ತಿದ್ದ."

"ಯಾವುದರ ಹೆಸರು?"

ಸೋಮಯ್ಯ ಆ ಹಗಲಲ್ಲೂ ಅತ್ತಿತ್ತ ನೋಡಿದ. ಮೂಗಿನ ಮುಂದೆ ತೋಳು ಇಳಿಬಿಟ್ಟು ಸೊಂಡಿಲಿನಂತೆ ತೂಗಿದ.

"ನಿಮ್ದು ಯಾವೂರವ್ವ?"

"ಭೇರ್ಯ."

"ಅದ್ಕೇಯ. ಕಾಡಿಲ್ದ ಊರು, ನಿಮ್ಮ ಗದ್ದೆಗೆ ಗುಬ್ಬಿ ಬಂದ್ರೆ ಎಚ್ಚು."

ತಾಶಿಯ ಬಂಧನ ಪ್ರಶ್ನಿಸಿದ ಅರ್ಜಿಯ ವಿಚಾರಣೆ ಹೈಕೋರ್ಟಿನಲ್ಲಿ ಗುರುವಾರವಿತ್ತು. ಅನುವಾದದ ತಪ್ಪೊಪ್ಪಿ ಅಫಿಡವಿಟ್ ಕೊಟ್ಟರೆ ಅವನ ಮೇಲಿನ ಅನುಮಾನ ತನ್ನ ಬೆನ್ನಿಗೂ ಅಂಟುತ್ತದೆ. ಕೊಡದಿದ್ದರೆ ಅವನು ಒಳಗೇ ಉಳಿಯುತ್ತಾನೆ. ಎರಡು ದಿನ ಸುಕನ್ಯ ಯೋಚಿಸಿದಳು. ಪಾಠ ಮಾಡುವಾಗ, ಸಾರಿಗೆ ಒಗ್ಗರಣೆ ಹಾಕುವಾಗ ಆ ದನಿ ಕಿವಿಯ ಪಕ್ಕದಲ್ಲೇ 'ಉಷಾರು' ಎನ್ನುತ್ತಿತ್ತು. ನೆರೆಯವರ ಜೀವ ಕಾಯಲು ಆಡಿದ ಮಾತು. ಬುಧವಾರ ಲಾಯರ ಬಳಿ ಹೋಗಿ ಅಫಿಡವಿಟ್ಟಿಗೆ ಸಹಿ ಹಾಕಿದಳು.

ಮರುದಿನ ಲಾಯರ ಕಚೇರಿಯ ಪರದೆಯಲ್ಲಿ ಕಲಾಪ ನೋಡುತ್ತ ಸೋಮಯ್ಯನ ಪಕ್ಕ ಕುಳಿತಳು.

"ಆಗ ಒಂದು ಅರ್ಥ, ಈಗ ಇನ್ನೊಂದು. ಈ ಮಹಿಳೆಗೂ ಆ ಕ್ಯಾಂಪಿಗೂ ಏನು ನಂಟೋ ನೋಡಬೇಕು," ಎಂದರು ಸರ್ಕಾರಿ ವಕೀಲರು.

"ಈ ಅನುವಾದ ಬಿಟ್ಟು ಬೇರೇನಿದೆ?" ಎಂದರು ನ್ಯಾಯಮೂರ್ತಿಗಳು.

"ಗಡಿಯಾಚೆಯ ಅಕ್ಕನಿಗೆ ಕರೆಗಳು."

"ಏನು ಮಾತಾಡಿದ್ದಾರೆ?"

"ಮಂಡಿನೋವು, ಸ್ವಾಮಿ."

"ದೊಡ್ಡೋರು ಅಂದರೇನೆಂದು ಆ ಊರಲ್ಲಿ ಒಬ್ಬರನ್ನಾದರೂ ಕೇಳಿದಿರಾ?"

ಸರ್ಕಾರಿ ವಕೀಲರು ಕಡತದ ಹಾಳೆ ತಿರುವಿದರು. ಯುದ್ಧಕಾಲದಲ್ಲಿ ಅನುಮಾನ ಪಡುವುದು ಸರ್ಕಾರದ ಹಕ್ಕು, ಆದರೆ ಅನುಮಾನಕ್ಕೂ ಕಾಲೂರಲು ನೆಲ ಬೇಕು ಎಂದು ಹೇಳಿ ನ್ಯಾಯಮೂರ್ತಿಗಳು ಬಂಧನದ ಆದೇಶ ರದ್ದು ಮಾಡಿದರು.

"ಬುಡು, ಬತ್ತಾನೆ," ಎಂದು ಸೋಮಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡ.

ಹತ್ತು ದಿನ ಬಿಟ್ಟು ಸುಕನ್ಯ ಕ್ಷಮೆ ಕೇಳಲು ಗುರುಪುರಕ್ಕೆ ಹೋದಳು. ತಾಶಿ ಸೊರಗಿದ್ದ. ಅವಳು ಯಾರೆಂದು ತಿಳಿದ ಮೇಲೂ ಮುಖ ಗಂಟಿಕ್ಕಲಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿ ಟೀ ತಂದ.

"ಬಿಸಿ ಅದೆ," ಎಂದ. ಒಂದು ಗಳಿಗೆ ಅವಳ ಮುಖ ನೋಡಿ, "ಟೀ ಬಿಸಿ ಅದೆ, ಅಂದೆ," ಎಂದ.

ಸುಕನ್ಯ ಕಟ್ಟಿಕೊಂಡು ಬಂದ ಮಾತುಗಳನ್ನು ಹೇಳಿದಳು. ಅವನು ತಲೆಯಾಡಿಸಿದ.

"ನನಗೆ ಸಿಟ್ಟಿಲ್ಲ ಮೇಡಂ. ಸಿಟ್ಟು ಅಂದ್ರೆ ಕೋಪ. ಅದು ಇಲ್ಲ."

ಗಾಳಿ ಎದ್ದು ಹೊಲದ ಜೋಳದ ಗರಿಗಳು ಒಂದಕ್ಕೊಂದು ಉಜ್ಜಿಕೊಂಡವು. ತಾಶಿ ತಲೆಯೆತ್ತಿ, "ಬತ್ತಾ ಅದೆ," ಎಂದವನು ತಟ್ಟನೆ ನಿಲ್ಲಿಸಿದ. ಅವಳ ಕೈಯಲ್ಲಿ ಪೆನ್ನೇನೂ ಇರಲಿಲ್ಲ. ಆದರೂ ಅವನ ಕಣ್ಣು ಅವಳ ಬೆರಳುಗಳ ಮೇಲೇ ಇತ್ತು.

"ಮಳೆ ಮೇಡಂ," ಎಂದ ಬಿಡಿಸಿ ಬಿಡಿಸಿ. "ಮೋಡದಿಂದ ಬೀಳೋ ಮಳೆ. ನೀರು."