ಹದಿನೇಳನೇ ಬಾವುಟ

ಕಾಗದಕ್ಕೆ ಸಹಿ ಹಾಕಿಸಿಕೊಂಡವರು ನಗುನಗುತ್ತ ಮಾತಾಡಿದರೆ ಹೊನ್ನಕ್ಕನ ಎದೆ ಢವಗುಟ್ಟುತ್ತಿತ್ತು. ಗಂಡ ಚಿಕ್ಕಯ್ಯ ಬದುಕಿದ್ದಾಗ ಹಾಗೇ ನಗುತ್ತ ಬಂದ ದಾಯಾದಿಯೊಬ್ಬ ಹೆಬ್ಬೆಟ್ಟು ಒತ್ತಿಸಿಕೊಂಡು ಅರ್ಧ ಎಕರೆ ನುಂಗಿ ನೀರು ಕುಡಿದಿದ್ದ. ದುದ್ದ ಊರಿನ ಪಕ್ಕ ಈಗ ಉಳಿದಿರುವುದು ಒಂದೂವರೆ ಎಕರೆ. ಅದರಲ್ಲಿ ಹತ್ತು ಗುಂಟೆಯನ್ನು ಮಗ ಭೀಮ, ತಾಯಿಯನ್ನು ಒಂದು ಮಾತೂ ಕೇಳದೆ, ರಾಗಿ ಪರೀಕ್ಷೆಗೆಂದು ಸಂಪತ್ಕುಮಾರ ಎಂಬ ಮುದುಕನಿಗೆ ಬರೆದುಕೊಟ್ಟಿದ್ದ.

ಸಂಪತ್ಕುಮಾರನಿಗೆ ಎಪ್ಪತ್ತಾರು. ಎಪ್ಪತ್ತೊಂದರ ಯುದ್ಧದಲ್ಲಿ ಸಿಪಾಯಿ, ಆಮೇಲೆ ಓದಿ ಕೃಷಿ ವಿಜ್ಞಾನಿ, ಈಗ ಪಿಂಚಣಿಯ ಮೇಲಿದ್ದರೂ ರಾಗಿಯ ಹುಚ್ಚು ಬಿಟ್ಟಿರಲಿಲ್ಲ. ಮೂರು ದಿನಕ್ಕೊಮ್ಮೆ ಹಾಸನದಿಂದ ಬಸ್ಸಿನಲ್ಲಿ ಬರುವನು. ಬಂದವನು ಎಲ್ಲರಂತೆ ನಡೆಯಬಾರದೆ? ಕೋಲಿನಿಂದ ನೆಲ ಕುಟ್ಟಿ ಕುಟ್ಟಿ ಹೆಜ್ಜೆ ಇಡುವನು, ವಾಪಸು ಬರುವಾಗ ಅದೇ ಹೆಜ್ಜೆಯ ಮೇಲೆ ಕಾಲಿಡುವನು. ಹೊಲ ಅಳೆಯುತ್ತಿದ್ದಾನೆ, ಇನ್ನೇನು ಎಂದುಕೊಂಡಳು ಹೊನ್ನಕ್ಕ. ಸಾಲಿಗೊಂದರಂತೆ ನಂಬರು ಬರೆದ ಇಪ್ಪತ್ತನಾಲ್ಕು ಕೆಂಪು ಬಾವುಟ ಬೇರೆ ನೆಟ್ಟಿದ್ದ.

ಅನುಮಾನ ಪಡುವವಳೇನೂ ಸಾಚಾ ಅಲ್ಲ. ನಾಟಿಯಾದ ಹೊಸದರಲ್ಲಿ ಅವಳ ಹಸು ಹಗ್ಗ ಕಿತ್ತುಕೊಂಡು ಬಂದು ಹದಿನೇಳನೇ ಸಾಲನ್ನು ಬುಡಸಹಿತ ಮೇದಿತ್ತು. ಇದನ್ನೇ ನೆಪ ಮಾಡಿಕೊಂಡು ಮುದುಕ ಕಾಗದ ಹೊರಗೆ ತೆಗೆದರೆ? ಹೆದರಿದ ಹೊನ್ನಕ್ಕ ತನ್ನ ಸಸಿಮಡಿಯಿಂದ ಅತ್ತೆಯ ಕಾಲದ ರಾಗಿ ಪೈರು ತಂದು ಸದ್ದಿಲ್ಲದೆ ಅಲ್ಲಿ ನೆಟ್ಟಿದ್ದಳು. ಈಗ ಬೆಂಕಿ ರೋಗ ಬಿದ್ದು ಅಕ್ಕಪಕ್ಕದ ತೆನೆಯೆಲ್ಲ ಜೊಳ್ಳಾದರೂ ಆ ಸಾಲು ಮಾತ್ರ ಗಟ್ಟಿಯಾಗಿ ನಿಂತಿತ್ತು.

"ರೋಗ ತಡೆಯೋ ಇಂಥ ತಳಿಗೇ ಇಪ್ಪತ್ತು ವರ್ಷ ಕಾದಿದ್ದು ಹೊನ್ನಕ್ಕ. ಬರೋ ವಾರ ಬೀಜ ತೆಗೆದು ಹಾಸನದ ಕೃಷಿ ಕೇಂದ್ರಕ್ಕೆ ಕೊಡ್ತೀನಿ," ಎನ್ನುವಾಗ ಮುದುಕನ ಕಣ್ಣು ಒದ್ದೆಯಾಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹೊನ್ನಕ್ಕ ತಲೆ ಎತ್ತದೆ ಕಳೆ ಕೀಳುತ್ತಿದ್ದಳು.

ಒಂದು ಸಂಜೆ ಡೈರಿಯಲ್ಲಿ ಹಾಲು ಅಳೆಯುವ ನಾಗಲಕ್ಷ್ಮಿ, "ಕೆಂಪು ಬಾವುಟ ನೆಟ್ರೆ ಮುಗೀತು ಕಣಕ್ಕಾ. ನಮ್ಮಣ್ಣನ ಒಲಕ್ಕೂ ಇಂಗೇ ನೆಟ್ಟಿದ್ರು, ಈಗ ಅಲ್ಲಿ ರೋಡೈತೆ," ಅಂದಳು. ಹೊನ್ನಕ್ಕ ಮನೆಗೂ ಹೋಗಲಿಲ್ಲ. ನೆಟ್ಟಗೆ ಹೊಲಕ್ಕೆ ನಡೆದು ಇಪ್ಪತ್ತನಾಲ್ಕನ್ನೂ ಕಿತ್ತು ಕಂತೆ ಕಟ್ಟಿದಳು.

ಮರುದಿನ ಬೆಳಿಗ್ಗೆ ಬಂದ ಸಂಪತ್ಕುಮಾರ ಬದುವಿನ ಮೇಲೇ ನಿಂತುಬಿಟ್ಟ. ಕೋಲು ಹಿಡಿದ ಕೈ ನಡುಗುತ್ತಿತ್ತು.

"ನಾನೇ ಕಿತ್ತಿದ್ದು ಸಾ," ಎಂದಳು ಹೊನ್ನಕ್ಕ, ಜಗಳಕ್ಕೆ ಸೆರಗು ಬಿಗಿದು. "ನನ್ ಒಲ ಯಾರ್ಗೂ ಬುಡಾಕಿಲ್ಲ. ಎಲ್ಲಿ ಆ ಕಾಗ್ದ?"

ಅವನು ಚೀಲದಿಂದ ಕಾಗದ ತೆಗೆದು ಕೊಟ್ಟೇಬಿಟ್ಟ. "ಯಾರ ಹತ್ರ ಬೇಕಾದ್ರೂ ಓದಿಸಿ. ಒಂದೇ ಬೆಳೆಗೆ. ಹೊಲ ನಿಮ್ದೇ."

ಹೊನ್ನಕ್ಕ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ನಂಬಲಿಲ್ಲ. ಅವನು ಬದುವಿನ ಮೇಲೆ ಕುಸಿದು ಕುಳಿತ.

"ಯಾವ ಸಾಲು ಯಾವುದು ಅಂತ ಪುಸ್ತಕದಲ್ಲಿದೆ, ಮತ್ತೆ ನೆಡಬಹುದು. ಕೈ ನಡುಗಿದ್ದು ಅದಕ್ಕಲ್ಲ. ಯುದ್ಧದಲ್ಲಿ ನೆಲಬಾಂಬು ತೆಗೆದು, ದಾರಿಗೆ ಬಾವುಟ ನೆಡೋ ಕೆಲಸ ನಮ್ದು. ಒಂದು ಬಾವುಟ ಬಿದ್ದಿತ್ತು. ಅಂದಾಜಿನ ಮೇಲೆ ನಾನೇ ಮತ್ತೆ ನೆಟ್ಟೆ. ಅದನ್ನ ನಂಬಿ ಕಾಲಿಟ್ಟ ಗೆಳೆಯ ವಾಪಸ್ ಬರಲಿಲ್ಲ. ನೆಟ್ಟಿದ್ದು ನಾನು ಅಂತ ಬಾಯಿ ಬಿಡಲಿಲ್ಲ. ಅವತ್ತಿಂದ ನಾನು ಹೀಗೇ ನಡೆಯೋದು."

ಹೊನ್ನಕ್ಕ ಬಿಗಿದ ಸೆರಗು ಸಡಿಲಿಸಿದಳು. ಬಾವುಟದ ಕಂತೆ ತಂದಳು. ಅವನು ಬದುವಿನಲ್ಲೇ ಕುಳಿತು ಪುಸ್ತಕ ನೋಡಿ ಒಂದೊಂದಾಗಿ ಆರಿಸಿ ಕೊಟ್ಟ, ಅವಳು ನೆಟ್ಟಳು. ಹದಿನಾರು ಮುಗಿಯಿತು. ಹದಿನೇಳನೆಯದಕ್ಕೆ ಅವಳ ಕೈ ಏಳಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

"ಸಾ, ಇದು ನಿಮ್ದಲ್ಲ. ನಿಮ್ದು ನಮ್ ಅಸ ತಿಂದೋಯ್ತು. ನೀವು ಒಲ ಕಿತ್ಕೊತೀರ ಅಂತ ಎದ್ರಿ ನಮ್ಮತ್ತೆ ರಾಗಿ ನೆಟ್ಬುಟ್ಟೆ."

ಮುದುಕ ಪುಸ್ತಕ ಮುಚ್ಚಿ ಆ ಸಾಲಿನತ್ತ ನೋಡಿದ. ಮುಖ ಬಾಡಿಹೋಯಿತು.

"ನಾನು ಬಾಯಿ ಬಿಡಲಿಲ್ಲ, ನೀವು ಬಿಟ್ರಿ," ಎಂದ. ಪೆನ್ನು ತೆಗೆದು ನಂಬರು ಹೊಡೆದುಹಾಕಿ, ಬಾವುಟದ ಹಿಂಬದಿ ಏನೋ ಬರೆದುಕೊಟ್ಟ.

"ಏನ್ ಬರದ್ರಿ?"

"ಹೊನ್ನಕ್ಕನ ರಾಗಿ ಅಂತ."

ಅಷ್ಟಕ್ಕೆ ನಂಬಿದರೆ ಅವಳು ಹೊನ್ನಕ್ಕನೇ ಅಲ್ಲ. ಕಾಗದ, ಬಾವುಟ ಎರಡನ್ನೂ ಹಿಡಿದು ಡೈರಿಗೆ ಓಡಿದಳು. ನಾಗಲಕ್ಷ್ಮಿ ಕಾಗದ ಓದಿದಳು. ಒಂದೇ ಬೆಳೆಗೆ, ಹೊಲ ಹೊನ್ನಕ್ಕನದೇ. ಬಾವುಟ ಓದಿದಳು.

"ಇನ್ನೊಂದ್ ಸಲ ಓದೇ," ಎಂದಳು ಹೊನ್ನಕ್ಕ.

ವಾಪಸು ಬಂದಾಗ ಮುದುಕ ಬದುವಿನ ಮೇಲೇ ಇದ್ದ. ಅವಳು ಹದಿನೇಳನೇ ಸಾಲಿಗೆ ಬಾವುಟ ನೆಟ್ಟು, ಉಳಿದ ಏಳನ್ನೂ ನೆಟ್ಟು ತಿರುಗಿದಳು.

"ಒಳಕ್ ಬನ್ನಿ ಸಾ. ನಮ್ ಒಲ ಇದು, ಏನೂ ಆಗಾಕಿಲ್ಲ."

ಮುದುಕ ಎದ್ದ. ಕೋಲಿನಿಂದ ಒಮ್ಮೆ ನೆಲ ಕುಟ್ಟಿ ನೋಡಿಯೇ ಕಾಲಿಟ್ಟ.